ಮುಂಗಾಲಿ ಮೀಮಾಂಸೆ

ಮರಳು, ಕೆಸರು, ಜಲ್ಲಿ, ಹಳ್ಳಕೊಳ್ಳಗಳೆಂಬ ಭೇದವನ್ನೆಣಿಸದೆ ಸಕಲ ಭೂಮಿಯ ಮೇಲೂ ಸಂಚರಿಸತಕ್ಕ ಯಂತ್ರವಾಹನವೊಂದುಂಟೆಂದೂ, ಅದು ಪಾಶ್ಚಾತ್ಯ ಧನಿಕರ ವಿರಾಮಕಾಲದ ಕ್ರೀಡಾಸಾಧನವೆಂದೂ, ಮುಂಬಯಿಯ ಜನ ಅದನ್ನು ಏರಬೇಕಾದರೆ ಖಾಡಿಯನ್ನು ದಾಟಿ ಅಲಿಬಾಗಿನ ಕಡೆಯ ಕಡಲತೀರಗಳಿಗೆ ಹೋಗಿ ಬಾಡಿಗೆ ತೆರಬೇಕೆಂದೂ ಬಲ್ಲವರು ಹೇಳುತ್ತಾರೆ. ಈ ಮತವನ್ನು ಪೂರ್ವಪಕ್ಷವಾಗಿ ಮುಂದಿರಿಸಿಕೊಂಡು ವಿನಯಪೂರ್ವಕವಾಗಿ ಖಂಡಿಸುವುದೇ ಈ ಪ್ರಬಂಧದ ಪ್ರಥಮ ಕರ್ತವ್ಯ. ಬಾಂದ್ರಾದಿಂದ ದಹಿಸರದವರೆಗೂ ಸಯನಿನಿಂದ ಮುಲುಂಡಿನವರೆಗೂ ಹಬ್ಬಿರುವ ಉಪನಗರಗಳಲ್ಲಿ, ಜೂನ್ ಮಾಸದ ಮೊದಲ ಮಳೆಯಿಂದ ಸೆಪ್ಟೆಂಬರಿನ ಕಡೆಯ ಮಳೆಯವರೆಗೆ, ಮೇಲೆ ಹೇಳಿದ ಸಮಸ್ತ ಭೂಪ್ರಭೇದಗಳನ್ನೂ ಒಂದೇ ಬೀದಿಯ ಉದ್ದದಲ್ಲಿ ಕ್ರಮಿಸುತ್ತ, ಮೂವರು ಪ್ರಯಾಣಿಕರನ್ನೂ ಅವರ ತರಕಾರಿ ಚೀಲಗಳನ್ನೂ ಹೊತ್ತು, ಮೀಟರಿನ ಪ್ರಕಾರ ಚಲಿಸುವ ರಿಕ್ಷಾವು ಸರ್ವಭೂಮಿವಾಹನವಲ್ಲವಾದರೆ ಆ ಬಿರುದಿಗೆ ಅರ್ಹವಾದುದು ಮತ್ತಾವುದು?

ಸರ್ವಭೂಮಿವಾಹನಕ್ಕೆ ಚಕ್ರಗಳು ನಾಲ್ಕಿರಬೇಕಲ್ಲವೇ ಎಂದು ಆಕ್ಷೇಪಿಸುವವರು ಇತಿಹಾಸವನ್ನರಿಯದವರು. 1970ರಲ್ಲಿ ಹೋಂಡಾ ಸಂಸ್ಥೆಯು ಅಮೆರಿಕದ ವಿಪಣಿಗೆ ಕಳುಹಿಸಿದ ಈ ಜಾತಿಯ ಮೂಲಪುರುಷನಿಗೆ ಇದ್ದುದು ಮೂರೇ ಚಕ್ರ. ಅದಕ್ಕೆ ಸ್ಪ್ರಿಂಗೂ ಇರಲಿಲ್ಲ, ಶಾಕಪ್ಪೆಂಬ ಆಘಾತಶಾಮಕವೂ ಇರಲಿಲ್ಲ, ಉಬ್ಬಿದ ಟಯರುಗಳೇ ಆಘಾತಶಮನದ ಸಮಸ್ತ ಭಾರವನ್ನೂ ಹೊತ್ತಿದ್ದವು. ಮುಂದೆ ಸವಾರರು ಮೇಲಿಂದ ಮೇಲೆ ಮಗುಚಿ ಬೀಳಲಾಗಿ, 1988ರಲ್ಲಿ ತಯಾರಕರು ಅಲ್ಲಿಯ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಮೂರು ಚಕ್ರದ ಹೊಸ ವಾಹನಗಳ ಮಾರಾಟವನ್ನೇ ನಿಲ್ಲಿಸಿದರು. ಅಮೆರಿಕವು ಅಂಜಿ ಕೈಬಿಟ್ಟ ಸಾಹಸವನ್ನು ಅಂಧೇರಿಯ ಸಾಮಾನ್ಯ ಗೃಹಿಣಿಯು ದಿನಕ್ಕೆರಡಾವರ್ತಿ, ಕೊಡೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ನಿರುದ್ವೇಗದಿಂದ ನಡೆಸುತ್ತಾಳೆಂಬುದನ್ನು ಮಾತ್ರ ಇಲ್ಲಿ ಸೂಚಿಸಿ ಮುಂದುವರಿಯುತ್ತೇನೆ.

ರಿಕ್ಷಾದ ಮುಂಗಾಲಿಯು ವಿಮಾನವಂಶಸಂಭೂತವೆಂಬ ಸಂಗತಿ ಬಹುಜನರಿಗೆ ತಿಳಿಯದು. ಇಟಲಿಯ ಪಿಯಾಜಿಯೊ ಸಂಸ್ಥೆಯು ಎರಡನೆಯ ಮಹಾಯುದ್ಧದ ತನಕ ವಿಮಾನಗಳನ್ನು ನಿರ್ಮಿಸುತ್ತಿತ್ತು. ಯುದ್ಧಾನಂತರ ಆ ಕಸುಬು ಕೈತಪ್ಪಲಾಗಿ, ಹೆಲಿಕಾಪ್ಟರಿನ ಕನಸನ್ನೇ ಕಾಣುತ್ತಿದ್ದ ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನಶಿಲ್ಪಿಯು 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿ, ವಿಮಾನವು ನೆಲಕ್ಕಿಳಿಯುವ ಚಕ್ರವನ್ನು ಒಂದೇ ಪಾರ್ಶ್ವದ ತೋಳು ಹಿಡಿದಿರುವಂತೆ ಅದರ ಮುಂಚಕ್ರವನ್ನೂ ಒಂದೇ ತೋಳಿನಲ್ಲಿ ನಿಲ್ಲಿಸಿದನು. 1948ರಲ್ಲಿ ಅದೇ ಮನೆತನದಿಂದ ಆಪೆ ಎಂಬ ಮೂರು ಚಕ್ರದ ಸರಕುವಾಹನವು ಹುಟ್ಟಿತು. 1959ರಲ್ಲಿ ಸರಕಾರದ ಪರವಾನಗಿ ಪಡೆದ ಬಜಾಜ್ ಸಂಸ್ಥೆಯು ಪಿಯಾಜಿಯೊ ಒಪ್ಪಂದದನ್ವಯ ಪುಣೆಯ ಬಳಿಯ ಆಕುರ್ಡಿಯಲ್ಲಿ ಈ ಸಂತತಿಯನ್ನು ರಿಕ್ಷಾರೂಪದಲ್ಲಿ ಬೆಳೆಸಿತು. ಗೋರೆಗಾಂವಿನಿಂದ ಪವಯಿಗೆ ಆರೆ ಕಾಲೊನಿಯ ಮಾರ್ಗವಾಗಿ ವರ್ಷಾಕಾಲದಲ್ಲಿ ಹೋಗುವಾಗ ರಿಕ್ಷಾವು ಆಗಾಗ ನೆಲವನ್ನು ತ್ಯಜಿಸಿ ಮೇಲೇಳುವುದನ್ನು ಚಾಲಕನ ದುಡುಕೆಂದು ದೂರುವುದುಂಟು. ಅದು ಕುಲಸ್ಮರಣೆಯೆಂಬುದು ನನ್ನ ಅಭಿಪ್ರಾಯ.

ಇನ್ನು ಅಂಗರಚನೆ. ಹ್ಯಾಂಡಲಿನಿಂದ ಇಳಿದು ಬರುವ ಫೋರ್ಕ್ ಎಂಬ ಬಾಗಿದ ಉಕ್ಕಿನ ಕೊಳವೆಯ ಕೆಳತುದಿಯಲ್ಲಿ ಪಿನ್ನೊಂದರ ಮೇಲೆ ತೂಗಾಡುವ ಗಿಡ್ಡತೋಳು. ಆ ತೋಳಿನ ಹಿಂತುದಿಯಲ್ಲಿ ಚಕ್ರ ಮತ್ತು ಬ್ರೇಕಿನ ಡ್ರಮ್ಮು. ತೋಳಿಗೂ ಫೋರ್ಕಿಗೂ ನಡುವೆ ಸುರುಳಿ ಸ್ಪ್ರಿಂಗು ಮತ್ತು ತೈಲಪೂರ್ಣವಾದ ಶಾಕಪ್ಪು. ಕೊರಳಿನಲ್ಲಿ ಫೋರ್ಕ್ ತಿರುಗುವುದಕ್ಕಾಗಿ ಗುಂಡುಗಳಿಂದ ಕೂಡಿದ ಕೋನ್‌ಸೆಟ್ಟು. ಚಕ್ರದ ರಿಮ್ಮು ಎಂಟಂಗುಲ, ಟಯರನ್ನೂ ಸೇರಿಸಿದರೆ ವ್ಯಾಸವು ಹದಿನಾರು ಅಂಗುಲದ ಆಸುಪಾಸು. ಖಡ್ಡಾ ಎಂದು ಇಲ್ಲಿ ಕರೆಯಲ್ಪಡುವ ರಸ್ತೆಗುಳಿಯ ಆಯಾಮವನ್ನು ಇದರೊಡನೆ ಹೋಲಿಸಿ ನೋಡುವ ಕ್ರೌರ್ಯವನ್ನು ನಾನು ವಾಚಕರಿಗೇ ಬಿಡುತ್ತೇನೆ.

ಈ ಸ್ಥಳದಲ್ಲಿ ತ್ರಿರೇಖಾ ಸಿದ್ಧಾಂತವೆಂಬುದೊಂದನ್ನು ಮಂಡಿಸಬೇಕಾಗಿದೆ. ನಾಲ್ಕು ಚಕ್ರದ ಕಾರು ಭೂಮಿಯ ಮೇಲೆ ಎಳೆಯುವುದು ಎರಡೇ ರೇಖೆ. ಹಿಂದಿನ ಚಕ್ರಗಳು ಮುಂದಿನವುಗಳ ಜಾಡನ್ನೇ ತುಳಿಯುತ್ತವೆ. ಗುಳಿಯನ್ನು ಎರಡು ರೇಖೆಗಳ ನಡುವೆ ಬಿಟ್ಟುಕೊಂಡರೆ ಕಾರಿಗೆ ಮೋಕ್ಷ. ಕುರ್ಲಾದ ಕಾರ್ಖಾನೆಯಲ್ಲಿ ಜನಿಸಿ, 2023ರ ಅಕ್ಟೋಬರ್ ಅಂತ್ಯದಲ್ಲಿ ಟ್ಯಾಕ್ಸಿಸೇವೆಯಿಂದ ನಿವೃತ್ತಳಾದ ಪ್ರೀಮಿಯರ್ ಪದ್ಮಿನಿಯು ಮಾಟುಂಗಾದ ಕನ್ನಡಿಗರನ್ನು ದಶಕಗಳ ಪರ್ಯಂತ ಘನತೆಯಿಂದ ಹೊತ್ತು ತಿರುಗಿದುದರ ರಹಸ್ಯದಲ್ಲಿ ಇದೂ ಒಂದು. ದ್ವೀಪನಗರದೊಳಕ್ಕೆ ರಿಕ್ಷಾಕ್ಕೆ ಪ್ರವೇಶವಿಲ್ಲವಾದುದರಿಂದ, ಮಾಟುಂಗಾದ ಬಾಡಿಗೆ ಕೋಣೆಯನ್ನು ಬಿಟ್ಟು ಸ್ವಂತ ಮನೆಯ ಆಸೆಯಿಂದ ಉಪನಗರಕ್ಕೆ ಸರಿದ ಕನ್ನಡಿಗನು ದ್ವಿರೇಖಾ ಸಂಸ್ಕೃತಿಯಿಂದ ತ್ರಿರೇಖಾ ಸಂಸ್ಕೃತಿಗೆ ಕಾಲಿಟ್ಟನೆಂದೇ ತಿಳಿಯತಕ್ಕದ್ದು. ರಿಕ್ಷಾವು ಮೂರು ಜಾಡುಗಳನ್ನು ಎಳೆಯುತ್ತದೆ. ನೆರೆಹೊರೆಯ ಜಾಡುಗಳ ನಡುವೆ ಉಳಿಯುವ ಅಂತರವು ಒಂದೂವರೆ ಅಡಿಯ ಆಸುಪಾಸು. ಅಷ್ಟರೊಳಗೆ ಅಡಗುವ ವಿನಯಶೀಲ ಗುಳಿಗಳು ಏಪ್ರಿಲ್ ಮೇ ತಿಂಗಳುಗಳಲ್ಲಿ ಕ್ವಚಿತ್ತಾಗಿ ಕಾಣಸಿಗಬಹುದು. ಜುಲೈಯಲ್ಲಿ ಹಿಂಗಾಲಿಗಳನ್ನುಳಿಸಹೊರಟವನು ಮುಂಗಾಲಿಯನ್ನು ಬಲಿಗೊಡಲೇಬೇಕು.

ಇದರಿಂದ ನಿಷ್ಪನ್ನವಾಗುವುದೇ ನಾನು ಪ್ರತಿಪಾದಿಸಲು ಹೊರಟ ಆಘಾತ ಸಂರಕ್ಷಣ ನಿಯಮ: ಆಘಾತವು ನಾಶವಾಗುವುದಿಲ್ಲ, ಕೈಬದಲಾಗುತ್ತದೆ. ರಸ್ತೆಯು ಅದನ್ನು ಟಯರಿಗೆ ಕೊಡುತ್ತದೆ. ಟಯರು ಸ್ಪ್ರಿಂಗಿಗೆ, ಸ್ಪ್ರಿಂಗು ಫೋರ್ಕಿಗೆ, ಫೋರ್ಕು ಚಾಲಕನ ಮಣಿಕಟ್ಟಿಗೆ ದಾಟಿಸುತ್ತದೆ. ಶಾಕಪ್ಪಿನ ಎಣ್ಣೆಯು ಸೂಕ್ಷ್ಮರಂಧ್ರಗಳಲ್ಲಿ ನುಸುಳುವಾಗ ಆಘಾತವು ಉಷ್ಣವಾಗಿ ಪರಿಣಮಿಸುತ್ತದಲ್ಲ, ನಿನ್ನ ನಿಯಮ ಭಗ್ನವಾಯಿತಲ್ಲ ಎಂದು ಭೌತಶಾಸ್ತ್ರಜ್ಞರು ಎದ್ದು ನಿಲ್ಲಬಹುದು. ಎಣ್ಣೆಯಿರುವ ಶಾಕಪ್ಪಿನ ವಿಷಯದಲ್ಲಿ ಅವರ ವಾದವು ನಿರ್ದುಷ್ಟವಾದುದೆಂದು ಒಪ್ಪಿಕೊಳ್ಳುತ್ತೇನೆ. ವಯಸ್ಸಾದ ರಿಕ್ಷಾದಲ್ಲಿ ಸೀಲು ಸವೆದು, ಆ ಎಣ್ಣೆಯು ಬಹುಕಾಲದ ಹಿಂದೆಯೇ ರಸ್ತೆಯ ಪಾಲಾಗಿರುತ್ತದೆ.

ಚಿಕಿತ್ಸಾಭಾಗಕ್ಕೆ ಬರೋಣ. ಕುರ್ಲಾ ಕಾಲೀನಾಗಳ ನಡುವಣ ಗ್ಯಾರೇಜುಗಳ ಮಿಸ್ತ್ರಿಗಳು ಮುಂಭಾಗವನ್ನೆತ್ತಿ ಕೆಳಗೆ ಮರದ ತುಂಡೊಂದನ್ನಿಟ್ಟು, ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ, ಸಡಿಲವು ಕೊರಳಿನಲ್ಲಿದ್ದರೆ ಕೋನ್‌ಸೆಟ್ಟೆಂದೂ, ತೋಳಿನ ಬುಡದಲ್ಲಿದ್ದರೆ ಪಿನ್ನು ಮತ್ತು ಬುಷ್ಷೆಂದೂ ಕ್ಷಣಾರ್ಧದಲ್ಲಿ ನಿರ್ಣಯಿಸುತ್ತಾರೆ. ಹ್ಯಾಂಡಲನ್ನು ಒತ್ತಿ ಬಿಟ್ಟಾಗ ಮುಂಭಾಗವು ಒಂದಾವರ್ತಿ ಎದ್ದು ನಿಂತರೆ ಶಾಕಪ್ಪು ಸಜೀವ; ಕುಣಿಯುತ್ತಲೇ ಇದ್ದರೆ ಗತಪ್ರಾಣ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂತಹ ಪ್ರಳಯವೇ ಬೇಕೆಂದಿಲ್ಲ, ಮಿಲನ್ ಸಬ್‌ವೇಯ ಸಾಧಾರಣ ಜಲಾವೃತಿಯೇ ಡ್ರಮ್ಮು ಬೇರಿಂಗುಗಳೊಳಕ್ಕೆ ನೀರನ್ನಿಳಿಸಿ ಗ್ರೀಸನ್ನು ಕೆಡಿಸಲು ಸಾಕು. ಆದಕಾರಣ ಮಳೆಗಾಲ ಮುಗಿದೊಡನೆ ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸನ್ನು ತುಂಬತಕ್ಕದ್ದು.

ಶಾಸ್ತ್ರಗಳಲ್ಲಿ ಎಲ್ಲಿಯೂ ಕಾಣದ, ಆದರೆ ಅನುಭವಿಗಳಾದ ಚಾಲಕರು ಬಲ್ಲ ಸೂಕ್ಷ್ಮವೊಂದುಂಟು. ಹಳೆಯ ಮಾದರಿಗಳಲ್ಲಿ ಬ್ರೇಕನ್ನು ಹಿಡಿದೊಡನೆ ಮೂತಿಯು ಕುಸಿಯುತ್ತದೆ. ಇದು ತೋಳಿನ ರಚನೆಯಿಂದಲೇ ಬರುವ ದೋಷ, ತರುವಾಯದ ಮಾದರಿಗಳಲ್ಲಿ ಪ್ರತ್ಯೇಕ ಕೊಂಡಿಯನ್ನಿಟ್ಟು ಇದನ್ನು ತಡೆದಿದ್ದಾರೆ. ಗುಳಿಯನ್ನು ಕಂಡು ಹೌಹಾರಿ ಕೊನೆಯ ಕ್ಷಣದವರೆಗೂ ಬ್ರೇಕನ್ನು ಹಿಡಿದವನು ಸ್ಪ್ರಿಂಗಿನ ಅವಕಾಶವನ್ನೆಲ್ಲ ಮೊದಲೇ ವ್ಯಯಮಾಡಿ, ಬರಿಗೈಯಲ್ಲಿ ಗುಳಿಗಿಳಿಯುತ್ತಾನೆ. ಮೊದಲೇ ವೇಗವನ್ನು ತಗ್ಗಿಸಿ, ಚಕ್ರವು ಇಳಿಯುವ ಹೊತ್ತಿಗೆ ಬ್ರೇಕನ್ನು ಬಿಟ್ಟವನ ಸ್ಪ್ರಿಂಗು ದೀರ್ಘಾಯುವಾಗುತ್ತದೆ.

ಸುಧಾರಣೆಯ ವಿಷಯದಲ್ಲಿ ಪಂಡಿತರಲ್ಲಿ ಐಕಮತ್ಯವಿಲ್ಲ. ದೃಢವಾದಿಗಳು ಗಡುಸಾದ ಸ್ಪ್ರಿಂಗನ್ನು ಹಾಕೆನ್ನುತ್ತಾರೆ. ಅವರ ರಿಕ್ಷಾದ ಮೂತಿ ಕುಸಿಯದು, ಆದರೆ ಫೋರ್ಕಿನ ಕೊರಳಿನ ವೆಲ್ಡಿಂಗಿನಲ್ಲಿ ಬಿರುಕು ಮೂಡುತ್ತದೆ. ಮೃದುವಾದಿಗಳು ಇದ್ದ ಸ್ಪ್ರಿಂಗನ್ನೇ ಉಳಿಸಿಕೊಂಡು ಶಾಕಪ್ಪಿಗೆ ಎಣ್ಣೆ ತುಂಬಿಸುತ್ತಾರೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಹಳೆಯ ಟಯರಿನ ತುಂಡನ್ನು ತುರುಕುವ ಮೂರನೆಯವರೂ ಇದ್ದಾರೆ, ಇವರನ್ನು ಭೇದಾಭೇದವಾದಿಗಳೆನ್ನಬಹುದು. ಬಿಡಿಭಾಗಗಳು ಕಂಪನಿಯ ಮಾಲೋ ಲೋಕಲ್ ಮಾಲೋ ಎಂಬ ಉಪವಿವಾದವು ಮತ್ತೂ ಗಹನವಾದುದು, ಏಕೆಂದರೆ ಎರಡೂ ಒಂದೇ ಡಬ್ಬಿಯಿಂದ ಹೊರಬರುವುದನ್ನು ನೋಡಿದ್ದೇನೆ.

ವೆಚ್ಚವನ್ನು ಯಾರು ಭರಿಸತಕ್ಕದ್ದೆಂಬ ಪ್ರಶ್ನೆಯೊಂದು ಉಳಿಯಿತು. ದಿನಬಾಡಿಗೆಗೆ ರಿಕ್ಷಾ ಓಡಿಸುವವನು, ಲೋಹವು ಮುಪ್ಪಾಗಿದೆ, ರಿಕ್ಷಾದ ಒಡೆಯನಾದ ಸೇಠನು ಕೊಡಲಿ ಎನ್ನುತ್ತಾನೆ. ಸೇಠನು, ಚಾಲಕನ ಕೈ ಒರಟು, ಅವನೇ ಕೊಡಲಿ ಎನ್ನುತ್ತಾನೆ. ಇಬ್ಬರ ವಾದಗಳೂ ಪ್ರಬಲವಾಗಿರುವುದರಿಂದ ಶಾಕಪ್ಪು ಮುಂದಿನ ಮಳೆಗಾಲದವರೆಗೆ ಹಾಗೆಯೇ ಉಳಿಯುತ್ತದೆ. ಆಘಾತವು ಆಗ ನಮ್ಮ ನಿಯಮಾನುಸಾರ ಹಿಂದಿನ ಆಸನದವರೆಗೂ ದಾಟಿ, ಅಲ್ಲಿ ಕುಳಿತವರ ಸೊಂಟದಲ್ಲಿ ನೆಲೆಸುತ್ತದೆಂದು ಕೆಲವರು ಹೇಳುವುದುಂಟು. ಆದರೆ ಆ ಆಸನವು ಹಿಂಗಾಲಿಗಳ ಸಮೀಪದಲ್ಲಿರುವುದರಿಂದ ಪ್ರಯಾಣಿಕರ ಸೊಂಟವು ಹಿಂಗಾಲಿ ಮೀಮಾಂಸೆಗೆ ಸೇರಿದ ವಿಷಯವಾಗಿದ್ದು, ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಹೊರತಾಗಿದೆ.