ಅಂಗುಷ್ಠವ್ಯಾಯಾಮ ಮೀಮಾಂಸೆ

ಪೂರ್ವಪಕ್ಷ ಹೀಗಿದೆ: ಬೆಂಗಳೂರಿನ ಅಂಚಿನ ಹದಿಹರೆಯದವರು ಮೈ ಬಗ್ಗಿಸುವುದಿಲ್ಲ, ಮೊಬೈಲು ಬಿಡುವುದಿಲ್ಲ. ಈ ವಾದವನ್ನು ಹಿರಿಯರು ಸಾಮಾನ್ಯವಾಗಿ ಸೋಫಾದಲ್ಲಿ ಒರಗಿಕೊಂಡು ವಾಟ್ಸಾಪಿನಲ್ಲಿ ಮಂಡಿಸುತ್ತಾರೆಂದು ಆರಂಭದಲ್ಲೇ ದಾಖಲಿಸುವುದು ಶಾಸ್ತ್ರಮರ್ಯಾದೆ.

ಮೊದಲು ಶಬ್ದಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂತ್ರದಂತೆ 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕು. ಆ ಸಂಸ್ಥೆಯವರೇ 2016ರ ಲೆಕ್ಕ ತೆಗೆದಾಗ ಜಗತ್ತಿನ 11ರಿಂದ 17ರ ಶಾಲಾಮಕ್ಕಳಲ್ಲಿ ನೂರಕ್ಕೆ 81 ಮಂದಿ ಇಷ್ಟೂ ದಣಿಯುತ್ತಿರಲಿಲ್ಲ. ಹೆಬ್ಬೆರಳೂ ಮೈಯ ಭಾಗವೇ ಆದ್ದರಿಂದ ಬಿಜಿಎಂಐ ಎಂಬ ಮೊಬೈಲ್ ಆಟ ಆಡುವವನು ಸೂತ್ರವನ್ನು ನಿತ್ಯ ಮೂರು ಪಟ್ಟು ಪಾಲಿಸುತ್ತಿದ್ದಾನೆಂಬುದು ನವ್ಯಭಾಷ್ಯ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. 2021ರ ಜುಲೈಗೆ ಅದೇ ಆಟ ಬಿಜಿಎಂಐ ಆಗಿ ಅವತಾರವೆತ್ತಿತು. ನಿಮ್ಹಾನ್ಸ್ ಮಾತ್ರ ಮುಂಚೆಯೇ ಎಚ್ಚೆತ್ತು 2014ರಲ್ಲಿ ಪರದೆಯ ಗೀಳಿಗೆ ಮದ್ದಾಗಿ ಶಟ್ ಕ್ಲಿನಿಕ್ ತೆರೆದಿತ್ತು.

ಇನ್ನು ಪ್ರತ್ಯಕ್ಷಪ್ರಮಾಣ. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಡಿ.ಎಸ್. ವೈಟ್ ಎಂಬವರು ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲೆಂದು ಕಟ್ಟಿದ ಊರು. ಈಗ ಅಲ್ಲಿ ಮಣ್ಣು ಕುಂಡದಲ್ಲಿ ಸಿಗುತ್ತದೆ. ಅಪಾರ್ಟ್‌ಮೆಂಟಿನ ಶಾಸನಫಲಕಗಳನ್ನು ಓದಿದ್ದೇವೆ: ಹುಲ್ಲು ತುಳಿಯಬಾರದು, ಚೆಂಡಾಟ ಕೂಡದು, ಪೋಡಿಯಂ ಮೇಲೆ ಸೈಕಲ್ ತರಬಾರದು, ಮಧ್ಯಾಹ್ನ ಸದ್ದು ಮಾಡಬಾರದು. ಇಷ್ಟನ್ನೂ ಚಾಚೂ ತಪ್ಪದೆ ಪಾಲಿಸಿ ಆಡಬಹುದಾದ ಆಟ ಒಂದೇ. ಅದನ್ನು ಆಡುವುದು ಚಾರ್ಜರಿನ ಪಕ್ಕದಲ್ಲಿ. ಲಗೋರಿಯನ್ನು ಬೇಸಿಗೆ ಶಿಬಿರದಲ್ಲಿ ಶುಲ್ಕ ಪಡೆದು ಕಲಿಸುತ್ತಾರೆ, ಜತೆಗೆ ಸರ್ಟಿಫಿಕೇಟೂ ಉಂಟು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಓಟಕ್ಕೆ ಕೊರತೆಯಿಲ್ಲ. ಅಲ್ಲಿಗೆ 2010ರಲ್ಲಿ ತೆರೆದ ಮೇಲ್ಸೇತುವೆ ಹತ್ತು ಕಿಲೋಮೀಟರಿನಷ್ಟು ಉದ್ದಕ್ಕೆ ತಾನೇ ಓಡುತ್ತದೆ. ಕೆಳಗೆ ನಿಂತ ಹುಡುಗ ರಸ್ತೆ ದಾಟಿದರೆ ಅದೇ ಅವನ ಅಂದಿನ ಅಥ್ಲೆಟಿಕ್ಸ್.

ಕಾರ್ಖಾನೆಗಳ ಪೀಣ್ಯದ ವಠಾರಕ್ಕೆ ಬಂದರೆ ನಮ್ಮ ಶಾಸ್ತ್ರ ತಡವರಿಸುತ್ತದೆ. ಅಪ್ಪ ಸೆಕೆಂಡ್ ಶಿಫ್ಟಿಗೆ, ಅಮ್ಮ ಗಾರ್ಮೆಂಟ್ಸಿಗೆ. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಪರದೆಯ ಹೊತ್ತನ್ನು ಇಲ್ಲಿ ಮನೋವೈದ್ಯರ ಬದಲು ಫ್ಯಾಕ್ಟರಿಯ ಸೈರನ್ ನಿಯಂತ್ರಿಸುತ್ತದೆ. ಮಗಳು ಕೊಡ ಹೊತ್ತು ಮೂರು ಮಹಡಿ ಹತ್ತುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಪಂಡಿತರ ಪ್ರಕಾರ ಮನೆಗೆಲಸವೂ ದೈಹಿಕ ಚಟುವಟಿಕೆಯೇ, ಆದ್ದರಿಂದ ಆಕೆಗೆ ನೂರಕ್ಕೆ ನೂರು. ಆಡಿದಳೇ ಎಂದು ಯಾರೂ ಕೇಳಿಲ್ಲ.

ಸಿದ್ಧಾಂತ: ಮೈದಾನ ಪಾರ್ಕಿಂಗ್ ಆದದ್ದು ಮೊದಲು, ಹುಡುಗರು ಪರದೆಗೆ ಹೋದದ್ದು ಆಮೇಲೆ. ಇದಕ್ಕೆ ಖಂಡನೆ ಬರೆಯಲಿರುವ ವಿದ್ವಾಂಸರಲ್ಲಿ ಒಂದು ವಿನಂತಿ. ಲೇಖನಿ ಹಿಡಿಯುವ ಮುಂಚೆ, ವಿಸಿಟರ್ ಪಾರ್ಕಿಂಗಿನಲ್ಲಿ ಕಾಯಂ ನಿಂತಿರುವ ತಮ್ಮ ಎರಡನೇ ಕಾರನ್ನು ಸಂಜೆ ಐದರಿಂದ ಏಳರವರೆಗೆ ಬೇರೆಲ್ಲಾದರೂ ಇಟ್ಟು ನೋಡಲಿ.