ಪಾಚಿ ಪುರಾಣ

ಶ್ರಾವಣ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಉಪಚಾರದ ಕ್ರಮವೇ ಬದಲಾಗುತ್ತದೆ. ಬಂದವರಿಗೆ 'ಬನ್ನಿ' ಎನ್ನುವ ಮೊದಲು 'ಹುಷಾರು, ಅಂಗಳ ಜಾರುತ್ತೆ' ಎನ್ನಬೇಕು. ಎಂದರೂ ಪ್ರಯೋಜನವಿಲ್ಲ, ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ನೆಂಟರು ಕೂತಾಗಿರುತ್ತದೆ, ಅಂಗಳದಲ್ಲೇ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ. ಅಷ್ಟು ನೀರು ಕುಡಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಬೆಳೆಯದೆ ಗುಲಾಬಿ ಬೆಳೆದೀತೆ? ಸೋಗೆ ಹಾಸಿದ್ದಾಯಿತು, ಸುಣ್ಣ ಎರಚಿದ್ದಾಯಿತು, ಬ್ಲೀಚಿಂಗ್ ಪೌಡರ್ ಸುರಿದದ್ದೂ ಆಯಿತು. ನಾಲ್ಕು ದಿನ ತವರಿಗೆ ಹೋದ ಹಾಗೆ ಮಾಡಿ ಪಾಚಿ ಮತ್ತೆ ಬರುತ್ತದೆ.

ಕಾಲು ನನ್ನದು, ಸ್ನಾಯು ನನ್ನದು, ಆ ಸ್ನಾಯುವಿಗೆ ಉಂಡ ಕಡುಬು ನನ್ನದು. ಆದರೂ ನಾನು ನಡೆಯುವಾಗ ನನ್ನನ್ನು ಮುಂದಕ್ಕೆ ತಳ್ಳುವುದು ನಾನಲ್ಲವಂತೆ, ನೆಲವಂತೆ. ನ್ಯೂಟನ್ನನ ಲೆಕ್ಕ ಹಾಗಿದೆ. ನಾನು ಮಾಡುವುದಿಷ್ಟೇ: ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುವುದು. ಘರ್ಷಣೆಯ ದಯೆಯಿಂದ ನೆಲ ಅಷ್ಟೇ ಬಲದಲ್ಲಿ ನನ್ನನ್ನು ಮುಂದಕ್ಕೆ ನೂಕುತ್ತದೆ. ಮೈಯೊಳಗೆ ಎಷ್ಟೇ ಬಲವಿದ್ದರೂ ಹೊರಗಿನದೊಂದು ಆಸರೆ ಕೊಡದಿದ್ದರೆ ಒಂದು ಹೆಜ್ಜೆಯೂ ಸಾಗದು. ಸ್ವಂತ ಕಾಲ ಮೇಲೆ ನಿಂತಿದ್ದೇನೆ ಎಂದು ಎದೆ ತಟ್ಟಿಕೊಳ್ಳುವವರನ್ನು ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಅಂಗಳಕ್ಕೆ ಕರೆಸಬೇಕು.

ಬೀಳುವುದು ಸಾಮಾನ್ಯವಾಗಿ ಹಿಮ್ಮಡಿ ಊರುವ ಗಳಿಗೆಯಲ್ಲಿ. ಆಗ ಕಾಲು ಮುಂದಕ್ಕೆ ಓರೆಯಾಗಿರುತ್ತದೆ. ನೆಲವನ್ನು ಕೆಳಗೂ ಒತ್ತುತ್ತದೆ, ಮುಂದಕ್ಕೂ ನೂಕುತ್ತದೆ. ಆ ಮುಂದಿನ ನೂಕನ್ನು ಘರ್ಷಣೆ ತಡೆದು ನಿಲ್ಲಿಸಬೇಕು. ಸಮತಟ್ಟಾದ ನೆಲದಲ್ಲಿ ಆರಾಮವಾಗಿ ನಡೆಯುವವನಿಗೆ ಬೇಕಾಗುವ ಘರ್ಷಣೆಯ ಗುಣಾಂಕ ಸುಮಾರು 0.2. ಒಣ ನೆಲ ಇದರ ಎರಡು ಮೂರು ಪಟ್ಟು ಕೊಡುತ್ತದೆ, ಕೇಳದೆಯೇ. ಪಾಚಿ ಅಷ್ಟು ಉದಾರಿಯಲ್ಲ. ಹೆಜ್ಜೆ ಉದ್ದವಾದಷ್ಟೂ ಕಾಲಿನ ಓರೆ ಹೆಚ್ಚು, ಓರೆ ಹೆಚ್ಚಿದಷ್ಟೂ ಬೇಡಿಕೆ ಹೆಚ್ಚು. ಒಮ್ಮೆ ಜಾರತೊಡಗಿತೋ, ಇದ್ದ ಹಿಡಿತವೂ ಕಡಿಮೆಯಾಗುತ್ತದೆ. ನಿಂತ ವಸ್ತುವನ್ನು ಹಿಡಿದಿಡುವ ಘರ್ಷಣೆಗಿಂತ ಜಾರುವ ವಸ್ತುವನ್ನು ತಡೆಯುವ ಘರ್ಷಣೆ ದುರ್ಬಲ. ಪಾದ ಎರಡು ಮೂರು ಸೆಂಟಿಮೀಟರ್ ಸರಿದರೆ ನಮಗೆ ಗೊತ್ತೇ ಆಗುವುದಿಲ್ಲ. ಹತ್ತು ಸೆಂಟಿಮೀಟರ್ ದಾಟಿತೆಂದರೆ ಊರಿಗೆಲ್ಲ ಗೊತ್ತಾಗುತ್ತದೆ.

ನಮ್ಮ ದೊಡ್ಡಮ್ಮ ಗುಣಾಂಕದ ಹೆಸರು ಕೇಳಿದವಳಲ್ಲ. ಆದರೆ ಮಳೆಗಾಲದಲ್ಲಿ ಅವಳು ಕೊಟ್ಟಿಗೆಗೆ ಹೋಗುವುದನ್ನು ನೋಡಬೇಕು. ಮಂಡಿ ತುಸು ಬಾಗಿಸಿ, ಗೇಣಿಗೊಂದು ಹೆಜ್ಜೆ, ಹಿಮ್ಮಡಿ ಊರದೆ ಇಡೀ ಅಂಗಾಲು ಒಟ್ಟಿಗೆ, ಹೆಬ್ಬೆರಳು ನೆಲಕ್ಕೆ ಕಚ್ಚಿ. ಮೈಭಾರ ಸದಾ ಪಾದದ ನೆತ್ತಿಯ ಮೇಲೆ. ಕೈಯಲ್ಲಿ ಮಡ್ಡಿ ಬಕೆಟ್ಟು, ಬಾಯಲ್ಲಿ ಹಿಂದೆ ಬರುವವರಿಗೆ ಬೈಗುಳ.

ಬೈಸಿಕೊಳ್ಳುವವರಲ್ಲಿ ಮೊದಲಿಗ ನಮ್ಮ ಮಾವ. ನೂರು ಕೆಜಿಗೆ ಹತ್ತಿರದ ಆಸಾಮಿ. 'ನನ್ನ ತೂಕಕ್ಕೆ ಪಾಚಿಯೇ ಅಪ್ಪಚ್ಚಿಯಾಗಬೇಕು' ಎಂಬುದು ಅವರ ನಂಬಿಕೆ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ ಪ್ರಕಟಿಸಿದ ನಿಯಮದ ಅರ್ಧ ಭಾಗ ಮಾವನ ಪರವಾಗಿಯೇ ಇದೆ: ಭಾರ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು. (ಇನ್ನೂರು ವರ್ಷ ಮೊದಲೇ ಇದನ್ನು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಿದ್ದ. ಅಡಿಕೆ ರೇಟು ಏರಲೆಂದು ಕಾಯುವವರ ಜಾತಿ.) ಆದರೆ ತೂಕ ಹೆಚ್ಚಾದಾಗ ತಡೆಯಬೇಕಾದ ನೂಕೂ ಅಷ್ಟೇ ಹೆಚ್ಚುತ್ತದಲ್ಲ! ಎರಡೂ ಸರಿಗೆ ಸರಿಯಾಗಿ ಹೋಗಿ, ಜಾರುವ ಹಕ್ಕಿನಲ್ಲಿ ಮಾವನೂ ಕಡ್ಡಿಯಂಥ ಭಾವನೂ ಸಮಾನರು. ಬಿದ್ದ ಮೇಲೆ ಎತ್ತುವವರಿಗೆ ಮಾತ್ರ ಈ ಸಮಾನತೆ ಕಾಣುವುದಿಲ್ಲ. ಮಾವ ಬಿದ್ದಲ್ಲಿಂದಲೇ, ಕೊಟ್ಟಿಗೆಯ ಮಾಡು ಸೋರುತ್ತದೋ ಎಂದು ನೋಡುತ್ತಿದ್ದೇನೆ ಎಂದರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು.

ಬೆಂಗಳೂರಿಂದ ಬರುವವರ ಶೂ ಬಗ್ಗೆ ಹೆಚ್ಚು ಹೇಳುವುದು ಬೇಡ. ಚರ್ಮದ ನುಣುಪು ಅಟ್ಟೆಯಡಿ ನೀರು ಸಿಕ್ಕಿಕೊಂಡರೆ ಹೊರಹೋಗಲು ದಾರಿಯಿಲ್ಲ. ಮನುಷ್ಯ ನೆಲ ಮುಟ್ಟದೆ ನೀರಿನ ಪೊರೆಯ ಮೇಲೆ ಸವಾರಿ ಮಾಡುತ್ತಾನೆ. ಬೆಲೆ ಎಷ್ಟೇ ಇರಲಿ, ಅಟ್ಟೆಗೆ ಗೀರು ಬೇಕು.

ಜಾರದಿರುವ ವಿದ್ಯೆಯಲ್ಲಿ ನಿಜವಾದ ಪಂಡಿತ ಅಡಿಕೆ ಮರ ಹತ್ತುವ ಕೊನೆಗೌಡ. ಮಲಗಿರುವ ನೆಲದಲ್ಲಿ ನಾವು ಜಾರಿದರೆ ಅವನು ನೆಟ್ಟಗೆ ನಿಂತ ಅಡಿಕೆ ಮರದಲ್ಲಿ ಜಾರುವುದಿಲ್ಲ. ನೆಲದಲ್ಲಿ ನಮ್ಮ ಭಾರವೇ ಪಾದವನ್ನು ಒತ್ತಿ ಹಿಡಿತ ಕೊಡುತ್ತದೆ. ಮರದಲ್ಲಿ ಭಾರ ಕೆಳಗೆ ಎಳೆಯುವ ಶತ್ರು. ಹಿಡಿತವನ್ನು ಅಡ್ಡಡ್ಡ ಒತ್ತಿಯೇ ಸಂಪಾದಿಸಬೇಕು. ಅದಕ್ಕೇ ಕಾಲಿಗೆ ತಳೆ. ಆ ಬಳ್ಳಿಯ ಬಳೆ ಎರಡೂ ಪಾದಗಳು ಅಗಲಿ ಹೋಗದಂತೆ ಬಿಗಿದು, ಮೈಭಾರ ಬಿದ್ದಷ್ಟೂ ಅಂಗಾಲುಗಳು ಮರವನ್ನು ಅವುಚುವಂತೆ ಮಾಡುತ್ತದೆ. ಮೇಲೆ ಹೋದವನು ಇಳಿಯುವ ಗೋಜಿಗೂ ಹೋಗದೆ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಆದರೆ ಮರ ಒದ್ದೆಯಿದ್ದರೆ ಮುಟ್ಟುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಡಬೇಕು, ಮರ ಆರಬೇಕು, ಅವನು ಬೇರೆಯವರ ತೋಟಕ್ಕೆ ಹೋಗಿರಬಾರದು. ಈ ನಾಲ್ಕೂ ಕೂಡಿಬರುವ ಮುಹೂರ್ತಕ್ಕಿಂತ ಮದುವೆ ಮುಹೂರ್ತ ಸಲೀಸು. ಅಂಥ ದಿನ ಅವನಿಗೆ ನಮ್ಮಲ್ಲಿ ಸಿಗುವ ಮರ್ಯಾದೆ ಅಳಿಯನಿಗೂ ಇಲ್ಲ.

ಈಗ ದೊಡ್ಡಮ್ಮನಿಗೂ ಘರ್ಷಣೆಯ ತಕರಾರು ಶುರುವಾಗಿದೆ, ಆದರೆ ಅಂಗಾಲಿನದಲ್ಲ, ಮಂಡಿಯದು. ಆರೋಗ್ಯವಾದ ಕೀಲಿನೊಳಗಿನ ಮೃದ್ವಸ್ಥಿ ಎಷ್ಟು ನುಣುಪೆಂದರೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಉಜ್ಜಿದರೂ ಅಷ್ಟು ಸರಾಗವಿಲ್ಲ. ವಿಧಿಯ ಕುಚೇಷ್ಟೆ ನೋಡಿ: ಜಾರಬಾರದ ಅಂಗಳ ಜಾರುತ್ತದೆ, ಜಾರಬೇಕಾದ ಮಂಡಿ ಕಟಕಟ ಎನ್ನುತ್ತದೆ. 'ಕೂತು ಬಿಡಬೇಡಿ, ನಡೀರಿ' ಎಂದರು ಡಾಕ್ಟರು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನಡೆಯುವಾಗ ಒದ್ದೆ ಬಟ್ಟೆ ಹಿಂಡಿ ಬಿಟ್ಟಂತೆ ಅದು ಕುಗ್ಗಿ ಹಿಗ್ಗಿ, ಸುತ್ತಲಿನ ದ್ರವದಿಂದ ತನ್ನ ಆಹಾರ ಹೀರಿಕೊಳ್ಳುತ್ತದೆ.

ಹೊರಗೆ ಮಳೆ. ಹಾಗಾಗಿ ದೊಡ್ಡಮ್ಮ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯುತ್ತಾಳೆ. ರೆಡ್ ಆಕ್ಸೈಡ್ ನೆಲ, ಮೂರು ತಲೆಮಾರಿನ ಹೊಳಪು, ಮೇಲೆ ಎರಚಲು. ದೊಡ್ಡಪ್ಪ ಹೆದರಿ ಪೇಟೆಯಿಂದ ದಪ್ಪನೆಯ ನಾರಿನ ಮ್ಯಾಟು ತಂದರು. ಅವಳು ಹಾಸಗೊಡಲಿಲ್ಲ.

"ಅದು ಕಾಲು ಹಿಡೀತದೆ, ಎಡವ್ತೀನಿ."

"ಜಾರಿ ಬೀಳೋದಕ್ಕಿಂತ ಎಡವೋದು ವಾಸಿಯಲ್ವೇನೇ?"

ದೊಡ್ಡಮ್ಮ ನಡಿಗೆ ನಿಲ್ಲಿಸಿ ಅವರನ್ನು ದಿಟ್ಟಿಸಿದಳು. "ಜಾರಿದ್ರೆ ಕಾಲು ಮುಂದೆ ಹೋಗಿ ಹಿಂದಕ್ಕೆ ಬೀಳ್ತೀನಿ. ಎಡವಿದ್ರೆ ಕಾಲು ಅಲ್ಲೇ ನಿಂತು ಮುಂದಕ್ಕೆ ಬೀಳ್ತೀನಿ. ಹೊಸ ಹಲ್ಲಿನ ಸೆಟ್ಟಿಗೆ ಎಷ್ಟಾಯ್ತು ಅಂತ ನೆನಪಿದ್ಯಾ?"

ದೊಡ್ಡಪ್ಪ ಮ್ಯಾಟು ಸುತ್ತಿ ಅಟ್ಟಕ್ಕೆ ಹಾಕಿದರು.