ಹ್ಯಾಂಡಲ್‌ಚೀಲ ಸ್ಥೈರ್ಯವಿಚಾರ

ವೈಶೇಷಿಕರು ಲೋಕದ ಪದಾರ್ಥಗಳನ್ನೆಲ್ಲ ವಿಂಗಡಿಸಿಟ್ಟರು. ಸೈಕಲ್ಲಿನ ಹ್ಯಾಂಡಲಿಗೂ ಅದಕ್ಕೆ ಜೋತುಬಿದ್ದ ಚೀಲಕ್ಕೂ ಇರುವ ಸಂಬಂಧ ಯಾವುದೆಂದು ಮಾತ್ರ ಹೇಳದೆ ಹೋದರು. ಆ ಲೋಪ ತುಂಬುವುದೇ ಈ ಪ್ರಬಂಧದ ಪ್ರಯೋಜನ. ಅಧಿಕಾರಿ ಯಾರೆಂದರೆ, ಮನೆಯಲ್ಲಿ ಸ್ಪ್ಯಾನರ್ ಉಳ್ಳವನು.

ಬಿಡಿಸಬಹುದಾದ ಸಂಬಂಧ ಸಂಯೋಗ, ಬಿಡಿಸಲಾಗದ್ದು ಸಮವಾಯ. ರೇಷನ್ನಿನ ಬಟ್ಟೆಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ ಪ್ರಾಚೀನರು ಶುದ್ಧ ಸಂಯೋಗವಾದಿಗಳು. ಅವರ ಚೀಲ ಮೊಣಕಾಲಿಗೂ ಚಕ್ರದ ಕಡ್ಡಿಗೂ ಸರದಿಯ ಮೇಲೆ ಬಡಿಯುತ್ತಿತ್ತು. ನವ್ಯರು ವೆಲ್ಕ್ರೊ ಪಟ್ಟಿ ತಂದರು. ರಸ್ತೆಯ ಉಬ್ಬಿಗೆ ಈ ಮತಭೇದ ತಿಳಿಯದು, ಎರಡನ್ನೂ ಒಂದೇ ತಾಳದಲ್ಲಿ ಕುಣಿಸುತ್ತದೆ. ಎಲ್ಲೆಲ್ಲಿ ಚೀಲವೋ ಅಲ್ಲಲ್ಲಿ ಅಲುಗಾಟ ಎಂಬ ವ್ಯಾಪ್ತಿ ಹೀಗೆ ಸಿದ್ಧ.

ಪೂರ್ವಪಕ್ಷ: ‘ಹಿಂದಿನ ಕ್ಯಾರಿಯರಿಗೆ ಕಟ್ಟಿದರಾಗದೇ?’ ಆಗದು. ಬ್ರೆವೆ ಎಂಬ 200 ಕಿ.ಮೀ. ದೂರಸವಾರಿಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದವನು ಒಂದೊಂದು ಕಡಲೆಮಿಠಾಯಿಗೂ ಇಳಿದು ಹಿಂದಕ್ಕೆ ನಡೆಯಲಾರ. ‘ಹಾಗಾದರೆ ಹ್ಯಾಂಡಲಿಗೇ ಬೋಲ್ಟು ಜಡಿದು ಸಮವಾಯ ಮಾಡಿಬಿಡಿ.’ ಮಾಡಿದರೆ ಸವಾರ ಇಡ್ಲಿ ಹೋಟೆಲಿನೊಳಗೆ, ಫೋನು ದುಡ್ಡು ಬೀದಿಯಲ್ಲಿ. 1891ರಲ್ಲೇ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂದು ಸುಮಾರು 1200 ಕಿ.ಮೀ. ತುಳಿಯಲು ಹೊರಟ ಫ್ರೆಂಚರ ಪರಂಪರೆಯಲ್ಲಿ ಇದಕ್ಕೆ ಡೆಕಲರ್ ಎಂಬ ಕೊಂಡಿ ಇದೆ: ಓಡುವಾಗ ಸಮವಾಯ, ನಿಂತಾಗ ಸಂಯೋಗ. ಇದೇ ಸಿದ್ಧಾಂತ. ನಮ್ಮ ಕೆಲಸ ಅದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಸಾಮಾನಿನಲ್ಲಿ ಸಾಧಿಸುವುದು.

ಎರಡು ಪೈಪ್ ಕ್ಲಾಂಪು, ಎರಡು ಅಲ್ಯೂಮಿನಿಯಂ ಪಟ್ಟಿ, ಗೇಣುದ್ದದ ಪಿವಿಸಿ ಪೈಪು. ಈಚಿನ ಹ್ಯಾಂಡಲಿನ ನಡು ಬಹುಮಟ್ಟಿಗೆ 31.8 ಮಿ.ಮೀ., ಹಳೆಯದಾದರೆ 25.4, ಅಳೆಯದೆ ಅಂಗಡಿಗೆ ಹೋದವನು ಎರಡು ಸಲ ಹೋಗುತ್ತಾನೆ. ಕ್ಲಾಂಪು ಜಾರದಂತೆ ಒಳಗೆ ಹಳೇ ಟ್ಯೂಬಿನ ತುಂಡು ಸುತ್ತಬೇಕು. ಬ್ರೇಕ್ ಕೇಬಲು ನಜ್ಜುಗುಜ್ಜಾಗದಿರಲು ಪಟ್ಟಿಗಳು ಮೂರು ಬೆರಳಷ್ಟು ಮುಂದೆ ಚಾಚಿರಲಿ. ಅವುಗಳ ತುದಿಗೆ ಅಡ್ಡಲಾಗಿ ಪೈಪು, ಪೈಪಿಗೆ ಚೀಲದ ಪಟ್ಟಿ.

ಅರ್ಧಪಂಡಿತರು ಇಲ್ಲಿಗೇ ಮಂಗಳ ಹಾಡುತ್ತಾರೆ. ಆದರೆ ಎರಡೇ ಬಿಂದುಗಳಲ್ಲಿ ತೂಗುಬಿಟ್ಟದ್ದು ಆ ಎರಡನ್ನೂ ಸೇರಿಸುವ ಗೆರೆಯ ಸುತ್ತ ತೊಟ್ಟಿಲಿನಂತೆ ತೂಗಿಯೇ ತೂಗುತ್ತದೆ. ಅದನ್ನು ತಡೆಯಲು ಕೆಳಗೊಂದು ಮೂರನೆಯ ಕಟ್ಟು ಬೇಕು. ಎಲ್ಲಿಗೆ? ಫ್ರೇಮಿನ ಕೊರಳಿಗೆ ಎಂಬುದು ಲೋಕರೂಢಿ, ನಾವು ಒಪ್ಪುವುದಿಲ್ಲ. ಹ್ಯಾಂಡಲ್ ತಿರುಗಿದರೂ ಕೊರಳು ತಿರುಗದು. ಅಲ್ಲಿಗೆ ಬಿಗಿದರೆ ಪ್ರತಿ ತಿರುವಿನಲ್ಲೂ ಚೀಲ ಸವಾರನೊಡನೆ ಜಗ್ಗಾಟಕ್ಕೆ ನಿಲ್ಲುತ್ತದೆ. ಫೋರ್ಕಿನ ನೆತ್ತಿ ಹ್ಯಾಂಡಲಿನ ಜೊತೆಗೇ ತಿರುಗುವುದರಿಂದ ಕಟ್ಟು ಅಲ್ಲಿಗೇ, ಬಕಲಿನೊಡನೆ.

ಬೋಲ್ಟು ಸಡಿಲವಾದದ್ದು ಕಣ್ಣಿಗೆ ಕಾಣದು. ಅಲ್ಲಿ ಗಡಗಡವೆಂಬ ಶಬ್ದವೇ ಪ್ರಮಾಣ, ಸ್ಪ್ರಿಂಗ್ ವಾಷರೇ ಪರಿಹಾರ.

ಇನ್ನು ಚೀಲದ ಬೆನ್ನು. ಅದು ಮೆತ್ತಗಿದ್ದರೆ ಮೇಲಿನದೆಲ್ಲ ವ್ಯರ್ಥ, ಒಳಗೊಂದು ಗಟ್ಟಿ ಹಲಗೆ ಕೂರಿಸಲೇಬೇಕು. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಅಳತೆಗೂ ತೂಕಕ್ಕೂ ಸರಿಹೋಗುತ್ತದೆ. ಅದರ ಸ್ವಾಮ್ಯದ ವ್ಯಾಜ್ಯ ಸದ್ಯ ಅಡುಗೆಮನೆಯಲ್ಲಿ ವಿಚಾರಣೆಗಿದೆ. ಅನುಮಾನ, ಉಪಮಾನ ಯಾವುದನ್ನೂ ಪುರಸ್ಕರಿಸದ ಆ ಪೀಠ ಹಲಗೆಯನ್ನು ಪ್ರತ್ಯಕ್ಷವಾಗಿ ಹಾಜರುಪಡಿಸಲು ಸಂಜೆಯವರೆಗೆ ವಾಯಿದೆ ಕೊಟ್ಟಿದೆ.